ಎಲೆ ಹಾಕದೆ ಇಳಿಸಿದ ನೆಣ

ಅನುಸೂಯಮ್ಮನವರ ಶೆಡ್ಡು ದಾಬಸ್‌ಪೇಟೆಯಿಂದ ನಾಲ್ಕು ಮೈಲಿ ಒಳಕ್ಕೆ, ಹುಣಸೆಮರದ ಹಿಂದಿದೆ. ಗಂಡ ರಾಮಾಂಜಿನಪ್ಪ ಹಂದಿ ಸಾಕುತ್ತಾರೆ. ಮಾಂಸ ಪೇಟೆಗೆ ಹೋಗುತ್ತದೆ. ನೆಣವನ್ನು ಮೊದಲೆಲ್ಲ ಸೋಪು ಮಾಡುವವರು ತಾವು ಹೇಳಿದ ಬೆಲೆಗೆ ಒಯ್ಯುತ್ತಿದ್ದರು. ಮಂಡಿನೋವಿಗೆ, ಒಡೆದ ಹಿಮ್ಮಡಿಗೆ ಎಂದು ಊರಿನವರು ಒಂದೊಂದು ಬಟ್ಟಲು ಕೇಳಿ ಪಡೆಯುತ್ತಿದ್ದರು. ತಿನ್ನುವ ಪದಾರ್ಥ ಬಟ್ಟೆ ಒಗೆಯಲು ಹೋಗುವುದು ಅನುಸೂಯಮ್ಮನವರಿಗೆ ಸಹಿಸಲಾಗಲಿಲ್ಲ. ಹೋದ ವರ್ಷ ಎರಡು ಸೀಮೆಹಸು ಮಾರಿ, ತಗಡಿನ ಶೆಡ್ಡು ಕಟ್ಟಿಸಿ, ನೆಣ ಕಾಯಿಸಲು ದೊಡ್ಡ ಸ್ಟೀಲ್ ಕೊಪ್ಪರಿಗೆ ತಂದರು.

ತಿನ್ನುವವರು ಸಿಕ್ಕಿದ್ದು ಸಮುದ್ರದಾಚೆ. ನಾನು ಕೆಲಸ ಮಾಡುವ ರಫ್ತು ಕಚೇರಿಗೆ ಒಂದು ಪುಟ್ಟ ದ್ವೀಪದೇಶದಿಂದ ಬೇಡಿಕೆ ಬಂದಿತ್ತು. ಅಲ್ಲಿಯ ಬ್ರೆಡ್ಡು, ಬಿಸ್ಕತ್ತಿಗೆ ಹಂದಿನೆಣ ಬೇಕು, ಆದರೆ ಸಾಕಷ್ಟು ಹಂದಿಗಳಿಲ್ಲ. ಕಚೇರಿಯ ಯಜಮಾನರಾದ ಜಯಕುಮಾರ್ ಅನುಸೂಯಮ್ಮನವರಿಂದ ಒಂದು ಡಬ್ಬಿ ಮಾದರಿ ತರಿಸಿ ಕಳಿಸಿದರು. ಆ ದೇಶದ ಐದು ವರ್ಷಗಳ ಆಮದು ಬೆಲೆಯನ್ನು ಗೆರೆಯಾಗಿ ಬರೆದ ಹಾಳೆಯನ್ನು ನಾನು ಅನುಸೂಯಮ್ಮನವರಿಗೆ ತೋರಿಸಲು ಹೋದೆ.

ಕೈ ತೊಳೆದು ಬಂದು, ಹಾಳೆಯನ್ನು ಮುಟ್ಟದೆ ನನ್ನ ಕೈಯಲ್ಲೇ ಹಿಡಿಸಿ ನೋಡಿದರು. ಒಂದು ವರ್ಷ ಗೆರೆ ಹಾಳೆಯ ನೆತ್ತಿಗೆ ಏರಿತ್ತು. ಅದು ಕೊರೋನಾ ಕಾಲ, ಹಡಗು ಹೋಗಿರುವುದಿಲ್ಲ ಎಂದರು. ನಾನು ಹೇಳಿರಲಿಲ್ಲ. ಪ್ರತಿ ವರ್ಷವೂ ನವೆಂಬರ್ ಹೊತ್ತಿಗೆ ಬೆಲೆ ಏರುತ್ತಿತ್ತು. ಅದರ ಹಿಂದೆಯೇ ಅಲ್ಲಿಯವರಿಗೊಂದು ದೊಡ್ಡ ಹಬ್ಬವಿದೆ ಎಂದರು. ಫೆಬ್ರವರಿ ದಾಟಿದ ಮೇಲೆ ಗೆರೆ ಇಳಿದಿತ್ತು. ಆ ಇಳಿಜಾರಿನ ಉದ್ದಕ್ಕೂ, ಹಾಳೆಗೆ ತಾಗದಂತೆ, ಬೆರಳು ಆಡಿಸಿದರು.

"ಇದು ಒಪ್ಪತ್ತಿರೋ ಕಾಲ ಕಣವ್ವ. ಶ್ರಾವಣದಾಗೆ ನಮ್ಮ ಯಾಪಾರದ ಗೆರೆ ಬರೆದ್ರೂ ಹಿಂಗೇ ಬೀಳ್ತೈತೆ."

ಮನೆಗೆ ಹೋಗಿ ಹುಡುಕಿ ನೋಡಿದೆ. ಆ ದೇಶದವರು ಕ್ರೈಸ್ತರು. ಆ ತಿಂಗಳುಗಳಲ್ಲೇ ನಲವತ್ತು ದಿನದ ಉಪವಾಸ ಬರುತ್ತದೆ. ಭೂಪಟದಲ್ಲಿ ಒಂದು ಸಾಸಿವೆಯಷ್ಟೂ ಕಾಣದ ಊರಿನ ಹಸಿವನ್ನು, ಹಬ್ಬವನ್ನು ಅನುಸೂಯಮ್ಮ ತಮ್ಮ ಶ್ರಾವಣದಿಂದ ಓದಿದ್ದರು. ಅಂದು ನನಗೆ ಬೇಗ ನಿದ್ದೆ ಬರಲಿಲ್ಲ.

ಹತ್ತು ದಿನಕ್ಕೆ ಮಾದರಿ ತಿರಸ್ಕೃತವಾಯಿತು. ಬಣ್ಣ ಚೆನ್ನಾಗಿದೆ, ಆದರೆ ಯಾವುದೋ ಸೊಪ್ಪಿನ ವಾಸನೆ ಎಂದು ಬರೆದಿದ್ದರು. ಜಯಕುಮಾರ್ ಡಬ್ಬಿ ಮೂಸಿದರು, ನೀರು ಪರೀಕ್ಷೆ ಮಾಡಿಸಿದರು, ಹಂದಿಗಳಿಗೆ ಏನು ಹಾಕುತ್ತೀರಿ ಎಂದು ರಾಮಾಂಜಿನಪ್ಪನವರನ್ನು ಗದರಿಸಿಯೂ ನೋಡಿದರು. ಏನೂ ತಿಳಿಯಲಿಲ್ಲ. ಬೆಲೆ ಏರುವ ಮುನ್ನ ಸರಕು ಹಡಗು ಹತ್ತಬೇಕು. ಇನ್ನೊಂದು ಮಾದರಿಗಷ್ಟೇ ಸಮಯವಿತ್ತು. ಅದೂ ಹೋದರೆ ಬೇಡಿಕೆ ಬೇರೆಯವರ ಪಾಲು, ನೆಣ ಮತ್ತೆ ಸೋಪಿಗೆ.

ಹೆಜ್ಜೆ ಹೆಜ್ಜೆಯನ್ನೂ ಬರೆದುಕೊಂಡು ಬಾ ಎಂದು ಜಯಕುಮಾರ್ ನನ್ನನ್ನು ಕಳಿಸಿದರು. ಬೆಳಗಿನಿಂದ ಕೊಪ್ಪರಿಗೆಯ ಪಕ್ಕ ನಿಂತೆ. ಸಣ್ಣ ಉರಿಯಲ್ಲಿ ನೆಣ ಕರಗಿ, ಗುಳ್ಳೆಗಳು ಎದ್ದು, ಮೆಲ್ಲಗೆ ಕಡಿಮೆಯಾದವು. ಆಗ ಅನುಸೂಯಮ್ಮ ಸೊಂಟದ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ಸೆರಗಿಗೆ ಒರೆಸಿ, ಕೊಪ್ಪರಿಗೆಯ ಮೇಲೆ ಕೈ ಚಾಚಿದರು.

ಅದೇನು ಎಂದು ಕೇಳಿದೆ.

"ಯಾವುದು?"

"ಕೈಯಲ್ಲಿರೋದು."

ಅವರು ತಮ್ಮ ಕೈಯನ್ನೇ ಮೊದಲ ಸಲ ನೋಡಿದಂತೆ ನೋಡಿಕೊಂಡರು. "ಎಲೆ ಕಣವ್ವ. ನಿಮ್ಮನೇಲಿ ತುಪ್ಪಕ್ಕೆ ಹಾಕಲ್ವಾ? ಎಲೆ ಹಾಕ್ದೆ ಇಳಿಸೋದುಂಟಾ?"

ನಮ್ಮ ಮನೆಯಲ್ಲೂ ಹಾಕುತ್ತಾರೆ. ಏನೇನು ಹಾಕುತ್ತೀರಿ ಎಂದು ನಾವು ಹತ್ತು ಸಲ ಕೇಳಿದ್ದೆವು, ಏನೂ ಇಲ್ಲ ಎಂದು ಅವರು ಹತ್ತು ಸಲವೂ ನಿಜವನ್ನೇ ಹೇಳಿದ್ದರು.

"ಅಷ್ಟು ದೂರ ಹೋಗಿತ್ತಾ ನನ್ನ ಎಲೆ," ಎಂದರು ಮೆತ್ತಗೆ.

ಕಷ್ಟ ಆಮೇಲಿನದು. ನೀರಿನಂಶ ಹೋಗಿದೆಯೆಂದು ಹೇಳುತ್ತಿದ್ದುದೇ ಆ ಎಲೆ. ಅದು ಗರಿಗರಿಯಾದರೆ ಇಳಿಸುವ ಹೊತ್ತು. ಬೇಗ ಇಳಿಸಿದರೆ ನೆಣ ಹಡಗಿನಲ್ಲಿ ಕೆಡುತ್ತದೆ, ತಡವಾದರೆ ಹಳದಿಯಾಗುತ್ತದೆ. ಮೂವತ್ತು ವರ್ಷದಲ್ಲಿ ಅವರು ತುಪ್ಪವನ್ನಾಗಲಿ ನೆಣವನ್ನಾಗಲಿ ಎಲೆಯಿಲ್ಲದೆ ಇಳಿಸಿರಲಿಲ್ಲ.

ಉರಿ ತಗ್ಗಿಸಿ, ಹತ್ತಿರ ಕೂತು, ಕಣ್ಣು ಮುಚ್ಚಿದರು. ಹೊರಗೆ ಹಂದಿಗಳು ಒಂದೇ ಸಮನೆ ಕಿರುಚುತ್ತಿದ್ದವು. ಅವನ್ನು ಸುಮ್ಮನಿರಿಸಲು ಗಂಡನಿಗೆ ಕೂಗಿ ಹೇಳಿದರು.

"ಮೌನವ್ರತ ಹಿಡೀರಿ ಅಂತ ಬುದ್ಧಿ ಹೇಳ್ಲಾ ಅವುಕ್ಕೆ?" ಎಂದರು ರಾಮಾಂಜಿನಪ್ಪ. ಆದರೂ ಮಧ್ಯಾಹ್ನದ ಮೇವನ್ನು ಆಗಲೇ ಸುರಿದರು.

ಶೆಡ್ಡು ನಿಶ್ಶಬ್ದವಾಯಿತು. ಆಗ ನನಗೂ ಕೇಳಿಸಿತು. ನೆಣದೊಳಗೆ ನೀರು ಚಿಟಿಚಿಟಿ ಎನ್ನುತ್ತಿತ್ತು, ದೂರದ ತಗಡಿನ ಮೇಲೆ ತುಂತುರು ಬಿದ್ದಂತೆ. ಅದು ಬಿಡಿಬಿಡಿಯಾಯಿತು, ಒಂದೊಂದಾಯಿತು. ನನಗೆ ನಿಂತೇಹೋಯಿತು ಅನ್ನಿಸಿದ ಮೇಲೂ ಅವರು ಅಲುಗಲಿಲ್ಲ. ಇನ್ನೂ ಏನನ್ನೋ ಕೇಳುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು, ಒಲೆ ಆರಿಸಿ, ಮುಷ್ಟಿಯಲ್ಲಿ ಬಾಡಿದ್ದ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡರು.

ಎರಡನೆಯ ಮಾದರಿಯ ವರದಿ ಗೌರಿಹಬ್ಬದ ಹಿಂದಿನ ದಿನ ಬಂತು. ವಾಸನೆ ಇಲ್ಲ. ನೀರಿನಂಶ, ಯಂತ್ರವಿಟ್ಟು ಕಾಯಿಸುವವರಿಗಿಂತ ಕಡಿಮೆ. ಫೋನಿನಲ್ಲಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು, ಹಡಗು ಯಾವಾಗ ಮುಟ್ಟುತ್ತದೆ ಎಂದು. ಅಕ್ಟೋಬರ್ ಕೊನೆಗೆ ಎಂದೆ.

"ಹಂಗಾದ್ರೆ ಹಬ್ಬದೊಳಗೆ ಸಿಕ್ತೈತೆ ಬಿಡು ಅವ್ರಿಗೆ."

ಈಗ ಶೆಡ್ಡಿನ ಬಾಗಿಲ ಹೊರಗೆ ಒಂದು ಮೊಳೆ ಹೊಡೆಸಿದ್ದಾರೆ. ಒಳಗೆ ಕಾಲಿಡುವ ಮುನ್ನ ಎಲೆಯಡಿಕೆ ಚೀಲವನ್ನು ಸೊಂಟದಿಂದ ಬಿಚ್ಚಿ ಅದಕ್ಕೆ ತಗುಲಿಹಾಕುತ್ತಾರೆ.