‘ಬ’ಗೂ ‘ದು’ಗೂ ನಡುವೆ

ಉಳ್ಳಾಲದ ಕಡಲ ತಡಿಯಲ್ಲಿ ಇನ್ನೂ ಮುಖ ಗುರುತು ಸಿಗದಷ್ಟು ಕತ್ತಲೆ. ಪಂಚಾಯತಿಯ ಹಂಚಿನ ಕೋಣೆಯ ಹಿಂದೆ ಸುಂದರಿ ಒಂದು ಕೊಡ ನೀರನ್ನು ನೆಲಕ್ಕೆ ಸುರಿಯುತ್ತಿದ್ದಾರೆ. ಅಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ. ಮರಳಿನಲ್ಲಿ ಹೂತ ಒಂದು ಕೊಳವೆ, ಅದರಿಂದ ಕೋಣೆಯೊಳಗಿನ ರೇಡಿಯೋಗೆ ಹೋಗುವ ತಾಮ್ರದ ತಂತಿ, ಅಷ್ಟೇ. ಕೊಳವೆಯ ಬುಡ ಒದ್ದೆಯಾಗಿದ್ದರೆ ರೇಡಿಯೋದ ಗೊರಗೊರ ಸ್ವಲ್ಪ ತಗ್ಗುತ್ತದೆ.

“ಸುಂದರಕ್ಕ, ನಿಮ್ಮ ರೇಡಿಯೋ ಗಿಡ ಹೂ ಬಿಡುವುದು ಯಾವಾಗ?” ದೋಣಿಗೆ ಒರಗಿ ನಿಂತ ಒಬ್ಬ ಕೇಳುತ್ತಾನೆ.

“ನೀನು ಬಾಯಿ ಮುಚ್ಚಿದ ದಿವಸ. ಈಗ ಹವಾಮಾನ ಬರ್ತದೆ, ಸುಮ್ಮನೆ ನಿಲ್ಲು.”

ನಾಲ್ಕು ಜನ ನಗುತ್ತಾರೆ. ಸುಂದರಿ ಒಳಗೆ ಹೋಗಿ ಗುಂಡಿ ತಿರುಗಿಸಿ, ರೇಡಿಯೋದ ಬಟ್ಟೆಗೆ ಕಿವಿ ಒತ್ತಿ ಕೂರುತ್ತಾರೆ. ಹೊರಗೆ ಹುಟ್ಟು ಹಿಡಿದವರೆಲ್ಲ ಕಿಟಕಿಯ ಹತ್ತಿರ ಸರಿಯುತ್ತಾರೆ. ಕರಾವಳಿಯಲ್ಲಿ ಇನ್ನೂ ರೇಡಿಯೋ ನಿಲಯವಿಲ್ಲ. ಘಟ್ಟದಾಚೆಯ ನಿಲಯದಿಂದ ಕನ್ನಡದ ಒಂದು ಸ್ವರ ಬರುತ್ತದೆ, ಹೊಳೆಯ ಆಚೆ ದಡದಲ್ಲಿ ಯಾರೋ ಮಾತಾಡಿದಂತೆ. ಏರುತ್ತದೆ, ಮುಳುಗುತ್ತದೆ, ಮತ್ತೆ ಏಳುತ್ತದೆ. ಗಾಳಿಯ ದಿಕ್ಕು ಹೇಳಿ ಮುಗಿಯಿತು. ಕೊನೆಯ ವಾಕ್ಯ: “ಕರಾವಳಿಯ ಮೀನುಗಾರರು ಇಂದು ಕಡಲಿಗೆ ಇಳಿಯಬ...” ಎಲ್ಲೋ ದೂರದಲ್ಲಿ ಮಿಂಚಿರಬೇಕು. ಫಟಾರ್ ಎಂದು ರೇಡಿಯೋ ಸಿಡಿಯುತ್ತದೆ. “...ದು.”

“ಬಹುದು! ಇಳಿಯಬಹುದು ಅಂತ ಹೇಳಿದ್ದು, ನಾನು ಕೇಳಿದ್ದೇನೆ.”

“ನಿನ್ನ ಕಿವಿಯಲ್ಲಿ ಮರಳು ಉಂಟು ಮಾರಾಯ. ಬಾರದು ಅಂತ.”

ಸುಂದರಿ ಬಾಗಿಲಿಗೆ ಬಂದು ಎರಡೂ ಕೈ ಮೇಲೆತ್ತುತ್ತಾರೆ. ಹೇಳುವುದು ತುಳುವಿನ ಒಂದೇ ಶಬ್ದ. “ಬಲ್ಲಿ.” ಎಂದರೆ, ಕೂಡದು.

ದೋಣಿಗಳ ಒಡೆಯರಾದ ಧನಿ ಚೆನ್ನಪ್ಪನವರು ಎಲೆಯಡಿಕೆ ಉಗಿಯುತ್ತಾರೆ. “ಈ ವಾರದಲ್ಲಿ ಇದು ಎರಡನೇ ಬಲ್ಲಿ. ನೀವು ಕೇಳುವುದು ರೇಡಿಯೋವನ್ನೋ, ನಿಮ್ಮ ಹೆದರಿಕೆಯನ್ನೋ?”

ಸುಂದರಿ ಎತ್ತಿದ ಕೈ ಇಳಿಸುವುದಿಲ್ಲ. ಈ ತಡಿಯಲ್ಲಿ ಬಲ್ಲಿ ಬಿದ್ದ ದಿನ ದೋಣಿ ನೀರಿಗೆ ತಾಗುವಂತಿಲ್ಲ. ಅದು ಊರ ಹಿರಿಯರಾದ ಗುರಿಕಾರರು ಮಾಡಿದ ಕಟ್ಟು. ಗಂಡಸರು ಗೊಣಗುತ್ತ ಹುಟ್ಟುಗಳನ್ನು ಮರಳಿಗೆ ಬಿಸಾಡುತ್ತಾರೆ. ಹಾಗೆ ಬಿಸಾಡಿದವರಲ್ಲಿ ಸುಂದರಿಯ ಮಗ ಮಾಯಿಲಪ್ಪನೂ ಒಬ್ಬ.

ಊರವರು ಈ ಹೆಂಗಸಿಗೆ ಇಟ್ಟಿರುವ ಹೆಸರು ‘ಬಲ್ಲಿಯಕ್ಕ’. ಪಂಚಾಯತಿಯ ಲೆಕ್ಕದಲ್ಲಿ ಅವರು ಕೋಣೆ ಗುಡಿಸುವ ಕೆಲಸದವರು. ರೇಡಿಯೋ ಕೇಳುವುದು ಕೆಲಸವೆಂದು ಯಾರೂ ಬರೆದಿಲ್ಲ. ಆದರೂ ಮುಂಜಾನೆ ನೀರು ಸುರಿಯುವುದು, ಸಂಜೆ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ತಂತಿಯನ್ನು ಇಳಿಸಿ, ಕಡಲ ಗಾಳಿ ಅಂಟಿಸಿದ ಉಪ್ಪನ್ನು ಒರೆಸಿ ಮತ್ತೆ ಏರಿಸುವುದು, ಎಲ್ಲ ಅವರದೇ. ಹಗಲು ಬುಟ್ಟಿ ಹೊತ್ತು ಮೀನು ಮಾರುತ್ತಾರೆ. ಬಲ್ಲಿ ಹೇಳಿದ ದಿನ ಅವರ ಬುಟ್ಟಿಯೂ ಖಾಲಿ.

ಐದು ವರ್ಷದ ಹಿಂದೆ, ದೀಪಾವಳಿ ಕಳೆದ ವಾರದಲ್ಲಿ, ಇದೇ ಕಿಟಕಿಯ ಹೊರಗೆ ಅವರ ಗಂಡ ಮುದ್ದು ನಿಂತಿದ್ದರು. ಅಂದು ರೇಡಿಯೋಗೆ ಕಿವಿ ಕೊಡುವವರೆಂದು ಯಾರೂ ಇರಲಿಲ್ಲ. ಕೇಳಿದವರೆಲ್ಲ ತಮಗೆ ಕೇಳಿದ್ದನ್ನು ಹೇಳುತ್ತಿದ್ದರು. ಅಂದೂ ಹೀಗೆಯೇ ಮಾತು ‘ಬ’ದ ಹತ್ತಿರ ಒಡೆಯಿತು, ‘ದು’ ಒಂದು ಉಳಿಯಿತು. ಮುದ್ದು ಸೇರಿ ಆರು ಜನರ ದೋಣಿ ಹೋಯಿತು. ಮಧ್ಯಾಹ್ನಕ್ಕೆ ಗಾಳಿ ತಿರುಗಿತು. ಮೂರನೆಯ ದಿನ ಒಂದು ಹಲಗೆ ಮಾತ್ರ ದಡಕ್ಕೆ ಬಂತು.

“ನಾನು ಬುಟ್ಟಿ ಹಿಡಿದು ಅಲ್ಲಿಯೇ ಇದ್ದೆ,” ಎನ್ನುತ್ತಾರೆ ಸುಂದರಿ. “ನನಗೂ ಬಹುದು ಅಂತಲೇ ಕೇಳಿದ್ದು. ಮನೆಯಲ್ಲಿ ಅಕ್ಕಿ ಇರಲಿಲ್ಲ ನೋಡಿ. ಹಸಿದವರ ಕಿವಿಗೆ ಬಾರದು ಅಂತ ಕೇಳುವುದಿಲ್ಲ.”

ಅಂದಿನಿಂದ ಅವರದು ಒಂದೇ ನಿಯಮ. ವಾಕ್ಯದ ಬಾಲ ಕೇಳದಿದ್ದರೆ, ಅದು ಬಾರದು.

ಕಾವ್ಯ ಓದುವ ಮನೆಗಳಲ್ಲಿ ಬೆಳೆದವರಿಗೆ ಬಾಲದ ಮೇಲಿನ ಈ ಎಚ್ಚರ ಹೊಸತಲ್ಲ. ವಾಚಕರು ಪದ್ಯದ ಕೊನೆಯ ಪಾದವನ್ನು ಇನ್ನೊಮ್ಮೆ ಎತ್ತಿ ಹೇಳುತ್ತಾರೆ, ಕಂಬದ ಹಿಂದೆ ಕೂತ ಮುದುಕಿಗೂ ಮುಟ್ಟಲೆಂದು. ನಮ್ಮ ಭಾಷೆಯಲ್ಲಿ ಹೌದು, ಅಲ್ಲ ಎಂಬುದೆಲ್ಲ ವಾಕ್ಯದ ತುದಿಯಲ್ಲಿಯೇ ಇರುವುದು. ದೇವರು ಮಾಡಿದ ಕಡಲಿಗೂ ಮನುಷ್ಯ ಮಾಡಿದ ರೇಡಿಯೋಗೂ ಆ ತುದಿಯ ಬೆಲೆ ತಿಳಿಯದು.

ಬ್ಯಾಟರಿ ಬದಲಿಸಲು ನೇತ್ರಾವತಿ ದಾಟಿ ಬರುವವರು ಕಂಕನಾಡಿಯ ರೇಡಿಯೋ ಮೆಕ್ಯಾನಿಕ್ ಪಿಯುಸ್. ಹಡಗಿನಲ್ಲಿ ದುಡಿಯುವ ಅವರ ಅಣ್ಣ ಒಸ್ವಾಲ್ಡ್ ಕಳೆದ ವರ್ಷ ಒಂದು ಜರ್ಮನ್ ರೇಡಿಯೋ ತಂದರು. ಅದರಲ್ಲಿ ಎಫ್.ಎಂ. ಎಂಬ ಹೆಚ್ಚಿನ ಗುಂಡಿಯೊಂದು ಉಂಟು. ಅದನ್ನೊತ್ತಿದರೆ ಆ ದೇಶದಲ್ಲಿ ಸಿಡಿಲು ಬಡಿಯುವಾಗಲೂ ಮಾತು ಮಗ್ಗುಲಲ್ಲಿ ಕೂತವರದಂತೆ ಕೇಳುತ್ತದೆ ಎಂದು ಅಣ್ಣ ಹೇಳಿದ್ದರು. ಸುಂದರಿ ಹಟ ಹಿಡಿದದ್ದಕ್ಕೆ ಪಿಯುಸ್ ಒಮ್ಮೆ ಆ ಪೆಟ್ಟಿಗೆಯನ್ನು ದೋಣಿಯಲ್ಲಿ ಹೊತ್ತು ತಂದರು. ಗುಂಡಿ ಒತ್ತಿದರೆ ಬಂದದ್ದು ಬರೀ ಸುಯ್ ಎಂಬ ಸದ್ದು.

“ಎಂತ ಪೊರ್ಬುಗಳೇ, ಇದರಲ್ಲಿ ಎಂತದೂ ಇಲ್ಲವಲ್ಲ?” ಎಂದರು ಸುಂದರಿ. ತುಳುವರು ಕ್ರೈಸ್ತರನ್ನು ಕರೆಯುವುದೇ ಹಾಗೆ, ಪೊರ್ಬುಗಳೆಂದು.

“ಆ ಬಗೆಯ ಸ್ಟೇಶನ್ ನಮ್ಮಲ್ಲಿ ಇಲ್ಲ ಸುಂದರಕ್ಕ.”

“ಮತ್ತೆ ಹೊಳೆ ದಾಟಿ ಹೊತ್ತು ತಂದದ್ದು ಎಂತಕ್ಕೆ?”

“ನೀವೇ ತರಲಿಕ್ಕೆ ಹೇಳಿದ್ದಲ್ಲವಾ ಮಾರಾಯ್ತಿ!”

ಪಿಯುಸ್ ಮರಳಿನ ಮೇಲೆ ಬೆರಳಿನಿಂದ ಅಲೆ ಬರೆದು ತೋರಿಸಿದರು. “ಪಂಚಾಯತಿ ರೇಡಿಯೋದ ಮಾತು ಅಲೆಯ ಎತ್ತರದಲ್ಲಿ ಇರ್ತದೆ. ಅದು ಎ.ಎಂ. ಮಿಂಚು ಕೂಡ ಅದೇ ಎತ್ತರಕ್ಕೆ ಕೈ ಹಾಕ್ತದೆ. ಯಾವುದು ಮಾತು, ಯಾವುದು ಮಿಂಚು ಅಂತ ರೇಡಿಯೋಗೆ ಗೊತ್ತಾಗುವುದಿಲ್ಲ. ಎಫ್.ಎಂ.ನಲ್ಲಿ ಎಲ್ಲ ಅಲೆಯೂ ಒಂದೇ ಎತ್ತರ. ಕೆಲವು ಹತ್ತಿರ ಹತ್ತಿರ ಬರ್ತವೆ, ಕೆಲವು ದೂರ ದೂರ. ಮಾತು ಇರುವುದು ಆ ಅಂತರದಲ್ಲಿ. ಎತ್ತರಕ್ಕೆ ಕೈ ಹಾಕಿದ ಮಿಂಚನ್ನು ರೇಡಿಯೋ ಕತ್ತರಿಸಿ ಬಿಸಾಡ್ತದೆ.”

“ಹಾಗಾದರೆ ಅದೇ ಬರಲಿ.”

“ಬರುವುದಿಲ್ಲ ಅಕ್ಕ. ಅದು ದೀಪಸ್ತಂಭದ ಬೆಳಕಿನ ಹಾಗೆ, ನೇರ ಹೋಗ್ತದೆ. ನಡುವೆ ಘಟ್ಟ ಬಂದರೆ ಮುಗಿಯಿತು. ನಮ್ಮ ಹಳೆಯ ಅಲೆ ನೆಲ ಹಿಡಿದು ಬರ್ತದೆ, ರಾತ್ರಿ ಆಕಾಶಕ್ಕೆ ತಾಗಿ ಇನ್ನೂ ದೂರ ಬಂದು ಇಳೀತದೆ. ಬಿಸಿಲೇರಿದರೆ ಆ ಆಕಾಶದ ದಾರಿ ಬಂದ್.”

ಅದಕ್ಕೆ ಸುಂದರಿ ಹೇಳಿದರಂತೆ: “ಹೊಳೆ ಈಜಿ ಬಂದವನ ಬಟ್ಟೆ ಒದ್ದೆಯೇ ಅಲ್ಲವಾ. ಬಂದನಲ್ಲ, ಅದೇ ದೊಡ್ಡದು.”

ಅದಕ್ಕೇ ಅವರಿಗೆ ಈ ಮುಂಜಾನೆಯ ಹೊತ್ತು ಬಿಟ್ಟರೆ ಬೇರೆ ಹೊತ್ತಿಲ್ಲ. ಸೂರ್ಯ ಮೇಲೆ ಬಂದ ಮೇಲೆ ಘಟ್ಟದಾಚೆಯ ಸ್ವರ ಸೊರಗಿ, ಆಮೇಲೆ ಇಲ್ಲವೇ ಇಲ್ಲ. ಒಡೆದ ಮಾತನ್ನು ಇನ್ನೊಮ್ಮೆ ಕೇಳಿ ಸರಿಮಾಡಿಕೊಳ್ಳುವ ದಾರಿ ಅವರಿಗಿಲ್ಲ.

ಬರುವ ಶನಿವಾರ ಊರವರ ಕೂಟ. ರೇಡಿಯೋವನ್ನು ತಮ್ಮ ಮನೆಯ ಜಗಲಿಗೆ ತರಿಸಿ, ಕೇಳುವ ಕೆಲಸವನ್ನು ತಮ್ಮ ಗುಮಾಸ್ತನಿಗೆ ಒಪ್ಪಿಸಬೇಕೆಂದು ಚೆನ್ನಪ್ಪನವರು ಕೇಳಲಿದ್ದಾರೆ. ಅವರದೂ ಸುಳ್ಳು ಮಾತಲ್ಲ. “ನಲವತ್ತು ಮನೆಯ ಗಂಜಿ ಈ ದೋಣಿಗಳಲ್ಲಿ ಉಂಟು,” ಎನ್ನುತ್ತಾರೆ. “ಅನುಮಾನ ಬಂದಾಗಲೆಲ್ಲ ಬಲ್ಲಿ ಅಂದರೆ ಮಕ್ಕಳು ಎಂತ ತಿನ್ನುವುದು? ಸುಂದರಕ್ಕನಿಗೆ ಆದದ್ದು ಯಾರಿಗೂ ಆಗಬಾರದು. ಹಾಗಂತ ಊರೆಲ್ಲ ಅವರೊಟ್ಟಿಗೆ ಉಪವಾಸ ಕೂರಬೇಕಾ?” ಕೂಟದಲ್ಲಿ ಹೆಚ್ಚಿನವರು ಅವರ ಕಡೆಗೇ ಇದ್ದಾರೆಂದು ಗುರಿಕಾರರೂ ಮೆಲ್ಲನೆ ಒಪ್ಪುತ್ತಾರೆ.

ಮಾಯಿಲಪ್ಪ ತಾಯಿಯ ಮುಖ ನೋಡಿ ಮಾತಾಡದೆ ಕೆಲವು ದಿನಗಳಾದವು. ದೋಣಿಯಲ್ಲಿ ಜೊತೆಯವರು ಅವನನ್ನು ಕೆಣಕುತ್ತಾರೆ: “ಉಚ್ಚೆ ಹೊಯ್ಯುವುದಕ್ಕೂ ಅಮ್ಮನಲ್ಲಿ ಕೇಳಿ ಬಾ, ಬಲ್ಲಿಯೋ ಏನೋ.” ನಾಳೆ ಧನಿಯ ಜಗಲಿಯಲ್ಲಿ ಗುಮಾಸ್ತ ಇಳಿಯಬಹುದು ಎಂದ ದಿನ ಅವನು ಇಳಿಯುತ್ತಾನೆ. ಇಳಿಯದೆ ಗತಿಯಿಲ್ಲ. ಸುಂದರಿಗೆ ಗೊತ್ತು.

ಮೀನಿಲ್ಲದ ಆ ದಿನ ಮುಗಿಯುತ್ತಿದೆ. ಗಾಳಿ ಬರಲಿಲ್ಲ, ಮೋಡವೂ ಬರಲಿಲ್ಲ. ಕಡಲು ಎಣ್ಣೆ ಹೊಯ್ದಂತೆ ಮಲಗಿದೆ. ಗುಡಿಸಲುಗಳಲ್ಲಿ ಮಕ್ಕಳು ಉಪ್ಪು ಮೆಣಸಿನಲ್ಲಿ ಗಂಜಿ ಕುಡಿದಾಗಿದೆ. ಕೆಲವು ಒಲೆ ಹೊತ್ತಲೇ ಇಲ್ಲ. ಸುಂದರಿ ತಂತಿ ಇಳಿಸಿ ಉಪ್ಪು ಒರೆಸುತ್ತಿದ್ದಾರೆ. ಏನಾದರೂ ಆಸೆಯುಂಟೇ ಎಂದರೆ ತಲೆ ಎತ್ತದೆ ಹೇಳುತ್ತಾರೆ:

“ರೇಡಿಯೋ ಯಾರ ಜಗಲಿಗಾದರೂ ಹೋಗಲಿ. ಘಟ್ಟದಾಚೆ ನಿಲಯದಲ್ಲಿ ಕೂತು ಓದುವವರಿಗೆ ಒಂದು ಮಾತು ಹೇಳಬೇಕಿತ್ತು. ಬೇಡ ಅಂತ ಇದ್ದರೆ ಮೊದಲೇ ಬೇಡ ಅಂತ ಹೇಳಿಬಿಡಿ. ಗಾಳಿ, ಮಳೆ, ದಿಕ್ಕು ಎಲ್ಲ ಮತ್ತೆ ಓದಿ. ಅಷ್ಟೇ.”

ಚೆನ್ನಪ್ಪನವರು ಸಾಲಾಗಿ ಕವುಚಿಟ್ಟ ದೋಣಿಗಳನ್ನು ದಾಟಿ ಬರುತ್ತಾರೆ. ಅವರ ಹಿಂದೆ ಹತ್ತಾರು ಜನ, ಮಾಯಿಲಪ್ಪನೂ. “ನೋಡಿ ಬಲ್ಲಿಯಕ್ಕ, ತೊಟ್ಟಿಲಿನ ಹಾಗೆ ಉಂಟು ಕಡಲು. ನಿಮ್ಮ ಬಲ್ಲಿ ಸುಳ್ಳಾಯ್ತಲ್ಲ?”

ಸುಂದರಿ ತಂತಿಯನ್ನು ಬಿಗಿದು ಗಂಟು ಹಾಕುತ್ತಾರೆ. ಬಂದವರ ಮುಖಗಳ ಮೇಲೆ ಒಂದೊಂದಾಗಿ ಕಣ್ಣು ಹಾಯಿಸಿ, ಮಗನ ಮುಖದ ಮೇಲೆ ನಿಲ್ಲಿಸುತ್ತಾರೆ.

“ಸುಳ್ಳಾಯ್ತು ಧನಿ,” ಎನ್ನುತ್ತಾರೆ. “ಬೈಯಲಿಕ್ಕೆ ಎಲ್ಲರೂ ಇದ್ದೀರಲ್ಲ.”