ಕೆಂಪು ಗಂಟು, ನೀಲಿ ಗಂಟು

ಮೊನ್ನೆ ಹೊಲಿಗೆ ಪೆಟ್ಟಿಗೆಯಲ್ಲಿ ಗುಂಡಿ ಹುಡುಕುತ್ತಿದ್ದಾಗ ಕೈಗೆ ಒಂದು ಕಬ್ಬಿಣದ ನಟ್ಟು ಸಿಕ್ಕಿತು. ಅರ್ಧ ಇಂಚಿನದು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದ ಮೇಲೆ ಅದರಲ್ಲಿ ಸೀಮೆಎಣ್ಣೆಯ ವಾಸನೆ ಉಳಿದಿರಲಾರದು, ನನಗೂ ಗೊತ್ತು. ಆದರೂ ಬಂತು. ಸೀಮೆಎಣ್ಣೆ, ಗ್ರೀಸು, ಗಿರಣಿಯ ತೌಡು... ಮೂರೂ ಕೂಡಿದ ಆ ವಾಸನೆಯ ಹಿಂದೆಯೇ ಶಿಕಾರಿಪುರದ ಮೇಸ್ತ್ರಿಯೂ ಬಂದು ನಿಂತರು.

ಐವತ್ತರ ದಶಕದ ಕೊನೆಯ ಮಾತು. ನರ್ಸ್ ತರಬೇತಿ ಮುಗಿಸಿ ಒಬ್ಬ ಡಾಕ್ಟರಮ್ಮನ ದವಾಖಾನೆಗೆ ಸೇರಿದ್ದೆ. ವಯಸ್ಸು ಇಪ್ಪತ್ತೊಂದು, ತಲೆಯಲ್ಲಿ ನಲವತ್ತರ ಗತ್ತು. ನನ್ನ ಬಾಡಿಗೆ ಕೋಣೆಯ ಗೋಡೆಗೆ ತಾಗಿದಂತೆ ಮೇಸ್ತ್ರಿಗಳ ತಗಡಿನ ಶೆಡ್ಡು. ನೀರೆತ್ತುವ ಪಂಪು, ಕಬ್ಬಿನ ಗಾಣ, ಅಕ್ಕಿ ಗಿರಣಿ, ಏನು ಕೆಟ್ಟರೂ ಅವರಿಗೇ ಕರೆ. ಯುದ್ಧದ ಕಾಲದಲ್ಲಿ ಎಲ್ಲೋ ದೂರದ ವಿಮಾನ ನಿಲ್ದಾಣದಲ್ಲಿ ಫಿಟ್ಟರ್ ಆಗಿದ್ದರಂತೆ. ಊರಿನವರಿಗೆ ಅದನ್ನು ನಂಬುವ ಮನಸ್ಸಿರಲಿಲ್ಲ. ಎದುರಿಗೆ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ 'ಇಮಾನದ ಮೇಸ್ತ್ರಿ' ಎಂದು ಕಿಸಕ್ಕನೆ ನಗುತ್ತಿದ್ದರು.

ನಾನು ಮಾತ್ರ ನಂಬಿದ್ದೆ. ಸಂಜೆ ದವಾಖಾನೆಯಿಂದ ಬಂದು ಅವರ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತರೆ ಅಮೆರಿಕ, ಇಂಗ್ಲೆಂಡು ಎರಡೂ ನಮ್ಮ ಓಣಿಗೆ ಬಂದುಬಿಡುತ್ತಿದ್ದವು. ಅಮೆರಿಕದ ವಿಮಾನದ ಎಂಜಿನ್ನು ದುಂಡಗೆ ಅರಳಿಕೊಂಡಿರುತ್ತದೆ, ಗಾಳಿಯಿಂದಲೇ ತಣ್ಣಗಾಗುತ್ತದೆ, ಗುಂಡು ಬಿದ್ದು ಒಂದು ಸಿಲಿಂಡರ್ ಹೋದರೂ ಕೆಮ್ಮುತ್ತಾ ಮನೆ ಸೇರುತ್ತದೆ. ಇಂಗ್ಲೆಂಡಿನದು ಉದ್ದ, ತೆಳು, ನೀರಿನಿಂದ ತಣಿಯುವಂಥದು. ಆಕಾಶದಲ್ಲಿ ಅದು ತಿರುಗಿದಷ್ಟು ಚಂದ ಬೇರೆ ಯಾವುದೂ ತಿರುಗದು. ಆದರೆ ನೀರಿನ ಕೊಳವೆಗೆ ಒಂದು ತೂತು ಬಿದ್ದರೆ ಮುಗಿಯಿತು.

"ಅಮೆರಿಕದಾವ ಓಡಿಸೋನು ತಪ್ಪು ಮಾಡೇ ಮಾಡ್ತಾನ ಅಂತ ಕಟ್ತಾನ್ರೀ ನರ್ಸಮ್ಮ. ಯುರೋಪಿನಾವ ತಪ್ಪೇ ಮಾಡಂಗಿಲ್ಲ ಅಂತ ಕಟ್ತಾನ," ಎನ್ನುತ್ತಿದ್ದರು.

"ಹಾಗಾದರೆ ಯಾವುದು ಚಲೋ?"

"ಎರಡೂ ಚಲೋ. ಕಲಸಬಾರದು, ಅಷ್ಟ."

ಅವರು ಕಲಸುತ್ತಿರಲಿಲ್ಲ. ಅವರ ಹತ್ತಿರ ಎರಡು ಗಂಟುಗಳಿದ್ದವು. ಕೆಂಪು ಬಟ್ಟೆಯದರಲ್ಲಿ ಅಮೆರಿಕದ ಅಳತೆಯ ಬೋಲ್ಟು, ನಟ್ಟು, ಅವನ್ನು ತಿರುಗಿಸುವ ಪಾನಾ. ನೀಲಿಯದರಲ್ಲಿ ಇಂಗ್ಲೆಂಡಿನವು. ಅರ್ಧ ಇಂಚಿನ ಬೋಲ್ಟಿಗೆ ಅಮೆರಿಕದವರು ಇಂಚಿಗೆ ಹದಿಮೂರು ಸುತ್ತು ಕೊರೆದರೆ ಇಂಗ್ಲೆಂಡಿನವರು ಹನ್ನೆರಡು ಕೊರೆಯುತ್ತಾರೆ. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಜೋರು ಮಾಡಿದರೆ ಕೂತಂತೆಯೂ ಕಾಣುತ್ತದೆ. ಆದರೆ ಹಿಡಿದಿರುವುದಿಲ್ಲ. ಆ ಗಂಟುಗಳನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮೂರಿನಲ್ಲಿ ಕಾರು ಎಂದರೆ ಗಿರಣಿ ಸಾಹುಕಾರರದೊಂದೇ. ಎಂಟು ಸಿಲಿಂಡರಿನ ಅಮೆರಿಕದ ಕಾರು. ದೋಣಿಯಷ್ಟು ಅಗಲ, ಬಾಗಿಲು ಹಾಕಿದರೆ ಕೋಣೆಯ ಬಾಗಿಲು ಹಾಕಿದ ಸದ್ದು. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಮೆರೆಯುತ್ತಿದ್ದ ಅದಕ್ಕೆ ಸವತಿಯಾಗಿ ಬಂದದ್ದು ನಮ್ಮ ಡಾಕ್ಟರಮ್ಮನ ಇಂಗ್ಲಿಷ್ ಕಾರು. ತೆರೆದ ಮೈ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಕೂತ ಓಟದ ಕಾರು. ಅವರ ತೀರಿಕೊಂಡ ಅಣ್ಣನದಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಅದನ್ನು ಓಡಿಸಿಕೊಂಡು ಬಂದ ದಿನ ಸಂತೆ ಅರ್ಧ ಗಂಟೆ ನಿಂತಿತ್ತು.

ಸಾಹುಕಾರರು ರಕ್ತದೊತ್ತಡ ನೋಡಿಸಿಕೊಳ್ಳಲು ಬಂದಾಗಲೆಲ್ಲ ಇಬ್ಬರಿಗೂ ವಾದ. ನಿಮ್ಮದು ಆಟಿಗೆ ಎಂದು ಅವರು, ನಿಮ್ಮದು ಎಮ್ಮೆ ಎಂದು ಇವರು. ಕೊನೆಗೆ ಸೊರಬದವರೆಗೆ ಓಡಿಸಿ ನೋಡಿಯೇ ಬಿಡುವುದೆಂದಾಯಿತು. ಆದರೆ ಎರಡು ಕಾರುಗಳಿಗೂ ವಯಸ್ಸಾಗಿತ್ತು, ಎಂಜಿನ್ ಬಿಚ್ಚಿ ಕಟ್ಟಬೇಕಿತ್ತು. ಎರಡೂ ದೇಶದ ಪಾನಾ ಇದ್ದದ್ದು ಒಬ್ಬರ ಬಳಿಯೇ.

ಸಾಹುಕಾರರು ಆಗ ಶಿಕಾರಿಪುರ-ಸೊರಬದ ನಡುವೆ ಬಸ್ಸು ಬಿಡುವ ತಯಾರಿಯಲ್ಲಿದ್ದರು. ಬಸ್ಸಿನ ವರ್ಕ್‌ಶಾಪಿಗೆ ಹೆಡ್ ಮೇಸ್ತ್ರಿ ಬೇಕಿತ್ತು. ನಮ್ಮ ಮೇಸ್ತ್ರಿ ಆ ಕೆಲಸಕ್ಕಾಗಿ ಎರಡು ಸಲ ಹೋಗಿ ಬರಿಗೈಲಿ ವಾಪಸಾಗಿದ್ದರು. ಈ ಸಲ ಸಾಹುಕಾರರು ಎಲ್ಲರ ಮುಂದೆಯೇ ಅಂದರು: "ನಿನ್ನ ಇಮಾನದ ಕೆಲಸದಿಂದ ಹೊರಗ ಹಾಕಿದ್ರಂತ ಸುದ್ದಿ ಐತಿ. ನಲವತ್ತು ಮಂದಿ ಕೂರೋ ಬಸ್ಸು ನಿನ್ನ ಕೈಗ ಹೆಂಗ ಕೊಡ್ಲೋ? ಒಂದು ಕೆಲಸ ಮಾಡು. ಎರಡೂ ಕಾರು ನೀನ ಕಟ್ಟು. ಸೊರಬಕ್ಕ ಹೋಗಿ ಬರೋತನಕ ಬಾನೆಟ್ ಎತ್ತಬಾರದು. ಎತ್ತದ ಬಂದ್ರ ವರ್ಕ್‌ಶಾಪಿನ ಬೀಗದಕೈ ನಿಂದು."

ಮೇಸ್ತ್ರಿ ಒಪ್ಪಿ ತಲೆಯಾಡಿಸಿದರು. ಹೊರಗೆ ಹಾಕಿದ ಮಾತನ್ನು ಅಲ್ಲೇ ಬಿಟ್ಟು ಗಂಟುಗಳನ್ನು ತರಲು ನಡೆದರು.

ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಹದಿನೈದು ದಿನ ಕೆಲಸ ನಡೆಯಿತು. ಇಂಗ್ಲಿಷ್ ಕಾರಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಎರಡು. ಎರಡೂ ಒಂದೇ ಸಮ ಉಸಿರಾಡಬೇಕಂತೆ. ದವಾಖಾನೆಯ ಹಳೆಯ ಸ್ಟೆತಾಸ್ಕೋಪು ಕೊಟ್ಟೆ. ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಸ್ತ್ರಿ ಕಾರಿನ ಎದೆ ಪರೀಕ್ಷೆ ಮಾಡುತ್ತಿದ್ದುದನ್ನು ನೋಡಿ ಡಾಕ್ಟರಮ್ಮ, "ನಾಳೆಯಿಂದ ನೀವೇ ದವಾಖಾನೆಗೆ ಬನ್ನಿ, ನಾನು ಇಲ್ಲಿರುತ್ತೇನೆ," ಎಂದು ನಕ್ಕಿದ್ದರು.

ಇನ್ನು ನನ್ನ ಘನಕಾರ್ಯ. ಓಟದ ಹಿಂದಿನ ದಿನ ಭಾನುವಾರ, ನನಗೆ ರಜೆ. ಶೆಡ್ಡಿಗೆ ಹೋದರೆ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಎಂಜಿನ್ನುಗಳ ಕೊನೆಯ ಜೋಡಣೆಗೆಂದು ಎರಡೂ ಗಂಟು ನೆಲದ ಮೇಲೆ ಬಿಚ್ಚಿಕೊಂಡಿದ್ದವು. ಜಿಡ್ಡುಗಟ್ಟಿದ ಬಟ್ಟೆ, ಮಸಿ ಹಿಡಿದ ನಟ್ಟು. ಕುದಿಸದ ವಸ್ತುವನ್ನು ಕಂಡರೆ ಕೈ ತುರಿಸುವ ಕಾಲ ನನ್ನದು. ಬಟ್ಟೆಗಳನ್ನು ಸೋಡಾ ಹಾಕಿ ಕುದಿಸಿ ಒಣಹಾಕಿದೆ. ನಟ್ಟುಬೋಲ್ಟುಗಳನ್ನೆಲ್ಲ ಒಂದೇ ಬೋಗುಣಿಯ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಆಪರೇಷನ್ನಿನ ಕತ್ತರಿ ಚಿಮುಟ ಜೋಡಿಸಿದ ಹಾಗೆ ಎನಾಮಲ್ ತಟ್ಟೆಗಳಲ್ಲಿ ಚಿಕ್ಕವು, ಮಧ್ಯಮ, ದೊಡ್ಡವು ಎಂದು ಸಾಲಾಗಿ ಇಟ್ಟೆ. ಥಳಥಳ ಹೊಳೆಯುತ್ತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ, ಹೊಗಳಿಕೆಗೆ ಕಾಯುತ್ತಾ ಕೂತಿದ್ದೆ.

ಮೇಸ್ತ್ರಿ ಬಂದರು. ತಟ್ಟೆಗಳನ್ನು ನೋಡಿದರು. ಬೈಯಲಿಲ್ಲ. ತಟ್ಟೆಗಳ ಮುಂದೆ ನೆಲಕ್ಕೆ ಕೂತರು. ಅವರ ಮುಖ ನೋಡಿದ ಮೇಲೆ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು.

"ತಲೆ ನೋಡಿ ಬೇರೆ ಮಾಡೋಕಾಗಲ್ವಾ?" ಅಳುತ್ತಲೇ ಕೇಳಿದೆ.

"ಆಗಂಗಿಲ್ಲ. ಇದ್ದ ಪಾನಾಕ್ಕ ಕೂರ್ಲಿ ಅಂತ ಯಾರ್ಯಾರೋ ಅರ ಹಾಕಿ ತಲೀ ಉಜ್ಜ್ಯಾರ. ಒಳಗಿನ ಸುತ್ತು ಒಂದ ಖರೇ ಹೇಳೋದು."

ಒಂದು ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಾ ಹೇಳಿದರು. ಹೊರಗೆ ಹಾಕಿದ್ದು ನಿಜ. ಒಂದು ಇಂಗ್ಲಿಷ್ ವಿಮಾನಕ್ಕೆ ಅವರು ಅಮೆರಿಕದ ನಟ್ಟು ಹಾಕಿದ್ದರು. ಬಿಗಿಯಾಯಿತು, ಹೊಸದಿರಬೇಕು ಎಂದುಕೊಂಡು ಜೋರು ಮಾಡಿ ತಿರುಗಿಸಿದ್ದರು. ಮರುದಿನ ಹಾರುವ ಮುಂಚಿನ ತಪಾಸಣೆಯಲ್ಲಿ ಸಿಕ್ಕಿತು. "ಸಿಕ್ತು, ಪುಣ್ಯ. ಸಿಗದ ಇದ್ದಿದ್ರ... ಆ ಹುಡುಗನ ಮುಖ ಇನ್ನೂ ನೆನಪೈತಿ. ಓಡಿಸೋ ಹುಡುಗ. ನಿಮ್ಮಷ್ಟ ವಯಸ್ಸು."

ಆಮೇಲೆ ಕೈ ತೊಳೆದುಕೊಂಡು ಬಂದರು. ಕಣ್ಣು ಮುಚ್ಚಿದರು. ಒಂದು ನಟ್ಟು ಎತ್ತಿಕೊಂಡು ಅದರ ಒಳಸುತ್ತಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. "ನೀಲಿ," ಎಂದರು. ನಾನು ಒದ್ದೆ ನೀಲಿ ಬಟ್ಟೆಯ ಮೇಲೆ ಇಟ್ಟೆ. "ಕೆಂಪು." ಇಟ್ಟೆ. "ಕೆಂಪು... ನೀಲಿ... ತಡೀರಿ. ನೀಲಿ." ಗಿರಣಿಯ ಸದ್ದು ನಿಂತಿತ್ತು. ಗಳಿಗೆಗೊಮ್ಮೆ ಬೆರಳು ಮರಗಟ್ಟಬಾರದೆಂದು ಬಿಸಿನೀರಿನಲ್ಲಿ ಅದ್ದುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ತಟ್ಟೆಗಳು ಖಾಲಿಯಾದವು. ಕೊನೆಯ ಒಂದು ನಟ್ಟನ್ನು ಮೂರು ಸಲ ಮುಟ್ಟಿ ನೋಡಿ, ಯಾವುದಕ್ಕೂ ಸೇರಿಸದೆ ಹೊರಗೆಸೆದರು. ಅದರ ಬದಲಿಗೆ ಗಿರಣಿಯ ಲೇತ್ ಯಂತ್ರದಲ್ಲಿ ಹೊಸದು ಕೊರೆದು, ರಾತ್ರಿಯೇ ಎರಡೂ ಎಂಜಿನ್ನು ಬಿಗಿದು ಮುಗಿಸಿದರು.

ಸೋಮವಾರ ಬೆಳಿಗ್ಗೆ ಸಾಹುಕಾರರು ಎರಡೂ ಬಾನೆಟ್ಟಿಗೆ ದಾರ ಕಟ್ಟಿ, ಅಕ್ಕಿಯ ಮಾದರಿ ಚೀಲಕ್ಕೆ ಒತ್ತುವ ಅರಗಿನ ಮುದ್ರೆಯನ್ನೇ ಒತ್ತಿದರು. ಮೇಸ್ತ್ರಿ ಅವರ ಕಾರಿನ ಹಿಂದಿನ ಸೀಟಿನಲ್ಲಿ. ಡಾಕ್ಟರಮ್ಮನ ಪಕ್ಕದಲ್ಲಿ ನಾನು.

ಕೆರೆ ದಾಟಿದ ಮೇಲಿನ ನೆಟ್ಟಗಿನ ರಸ್ತೆಯಲ್ಲಿ ಅಮೆರಿಕದ ಎಮ್ಮೆ ನಮ್ಮನ್ನು ಹುಲ್ಲಿಗೆ ಸಮ ಮಾಡಿ ಮುಂದೆ ಹೋಯಿತು. ನಮಗೆ ಬಾಯಿ ತುಂಬ ಧೂಳು. ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡು, "ತಿರುವು ಬರಲಿ," ಎಂದರು. ಬಳ್ಳಿಗಾವಿಯ ಕಡೆಯ ದಾರಿ ಹಿಂದೆ ಬಿದ್ದು ಶಿರಾಳಕೊಪ್ಪ ದಾಟಿತು, ಕಾಡು ಹತ್ತಿತು, ತಿರುವುಗಳೂ ಬಂದವು. ಅಲ್ಲಿ ನಮ್ಮ ಆಟಿಗೆ ಹಾವಿನಂತೆ ಹರಿಯಿತು. ನನ್ನ ಕಣ್ಣು ಮಾತ್ರ ಬಿಸಿ ತೋರಿಸುವ ಮುಳ್ಳಿನ ಮೇಲೆ. ಒಂದು ನಟ್ಟು ತಪ್ಪಿದ್ದರೂ ನೀರು ಸೋರಿ ಅದು ಮೇಲೇರುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. ಅದು ಏರಲಿಲ್ಲ. ಒಂದು ದೊಡ್ಡ ತಿರುವಿನಲ್ಲಿ ಡಾಕ್ಟರಮ್ಮ ಒಳಬದಿಯಿಂದ ನುಗ್ಗಿ ಸಾಹುಕಾರರನ್ನು ಹಿಂದೆ ಹಾಕಿದರು. ನಾನು ಹೊಡೆದ ಕೇಕೆಗೆ ಮರದ ಹಕ್ಕಿಗಳೆಲ್ಲ ಎದ್ದವು.

ಸೊರಬಕ್ಕೆ ನಾವೇ ಮೊದಲು. ಕಾರು ನಿಂತದ್ದೇ ನಾನು ಬಿಳಿ ಸೀರೆಯಲ್ಲೇ ನೆಲಕ್ಕೆ ಮಲಗಿ ಅಡಿಯಲ್ಲಿ ಇಣುಕಿದೆ. ನೆಲ ಒದ್ದೆ! ಕೈಯಿಂದ ತಡಕಾಡತೊಡಗಿದೆ.

"ಎಂತ ಹುಡುಕ್ತಾ ಇದೀರ್ರೀ ಅಮ್ಮ?" ಪಕ್ಕದ ಎಳನೀರು ಅಂಗಡಿಯವನು ಕೇಳಿದ.

"ನೀರು... ನೀರು ಸೋರ್ತಿದೆ."

"ಅದು ಎಳನೀರು ಮಾರಾಯ್ರೆ. ಈಗ ತಾನೇ ನಾನೇ ಚೆಲ್ಲಿದ್ದು."

ಬೆರಳಿಗೆ ತಾಗಿಸಿ ನೆಕ್ಕಿ ನೋಡಿದೆ. ಸಿಹಿಯಾಗಿತ್ತು. ಅಷ್ಟು ರುಚಿಯಾದ ಎಳನೀರನ್ನು ನಾನು ಮತ್ತೆ ಕುಡಿದಿಲ್ಲ.

ಬರುವಾಗ ಶಿರಾಳಕೊಪ್ಪದವರೆಗೆ ನಾವು ಮುಂದೆ, ಅಲ್ಲಿಂದ ನೆಟ್ಟ ರಸ್ತೆಯಲ್ಲಿ ಸಾಹುಕಾರರು ಮುಂದೆ. ಶಿಕಾರಿಪುರದ ಕೆರೆ ಏರಿಯ ಮೇಲೆ ಅವರು ಮೀಸೆ ತಿರುವುತ್ತಾ ನಿಂತಿದ್ದರು. ಹೋಗುವಾಗ ಯುರೋಪು, ಬರುವಾಗ ಅಮೆರಿಕ. ಗೆದ್ದವರು ಯಾರೆಂಬ ಜಗಳ ಅವರಿಬ್ಬರ ನಡುವೆ ಮುಂದೆ ವರ್ಷಗಟ್ಟಲೆ ನಡೆಯಿತು. ಊರಿಗೆ ಅದು ಬೇಕಿರಲಿಲ್ಲ. ಊರು ನೋಡುತ್ತಿದ್ದದ್ದು ಅರಗಿನ ಮುದ್ರೆಗಳನ್ನು. ಸಾಹುಕಾರರು ಬಗ್ಗಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಎರಡೂ ಇದ್ದ ಹಾಗೇ ಇದ್ದವು. ಜೇಬಿನಿಂದ ಬೀಗದಕೈ ತೆಗೆದರು.

ಮೇಸ್ತ್ರಿ ಕೈ ಚಾಚಲಿಲ್ಲ. "ಸಾವ್ಕಾರ್ರೆ, ನೀವು ಕೇಳಿದ ಸುದ್ದಿ ಖರೇ ಐತಿ," ಎಂದು, ಅಷ್ಟು ಜನರ ಮುಂದೆ, ಆ ಒಂದು ನಟ್ಟಿನ ಕಥೆಯನ್ನು ಹೇಳಿದರು. ಹೇಳಬೇಡಿ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ.

ಸಾಹುಕಾರರು ಇನ್ನೊಮ್ಮೆ ಬಗ್ಗಿ ಮುದ್ರೆಗಳನ್ನು ಮುಟ್ಟಿ ನೋಡಿದರು. ಆಮೇಲೆ ಮೇಸ್ತ್ರಿಯ ಕೈಯನ್ನು ತಾವೇ ಎಳೆದು ಬೀಗದಕೈ ಇಟ್ಟರು. "ಒಂದು ನಟ್ಟಿಗೆ ಇಷ್ಟು ವರ್ಷ ಸುಟ್ಕೊಂಡಾವ ಇನ್ನೊಂದು ತಪ್ಪು ನಟ್ಟು ಹಾಕಂಗಿಲ್ಲ. ಬಸ್ಸು ನಿಂದ. ಹೋಗು."

ಗುಂಪಿನಿಂದ ಯಾರೋ ಕೂಗಿದರು, "ಇಮಾನದ ಮೇಸ್ತ್ರಿ!" ಈ ಸಲ ಎದುರಿಗೇ, ಗಂಟಲು ಬಿರಿಯುವಂತೆ. ಆಮೇಲೆ ಎಲ್ಲರೂ ಕೂಗಿದರು. ಮೇಸ್ತ್ರಿ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ನಾನು ನಾಚಿಕೆ ಬಿಟ್ಟು ಅತ್ತೆ. ನನ್ನ ಜೀವಮಾನದಲ್ಲಿ ಅಂಥ ಗೆಲುವನ್ನು ಮತ್ತೆ ಕಂಡಿಲ್ಲ.

ಆ ಸಂಜೆ ಅವರು ನನಗೆ ಎರಡು ನಟ್ಟು ಕೊಟ್ಟರು, ಒಂದು ಅಮೆರಿಕದ್ದು, ಒಂದು ಇಂಗ್ಲೆಂಡಿನದು. ವರ್ಕ್‌ಶಾಪಿನ ಮುಂದೆ ಹಾದುಹೋದಾಗಲೆಲ್ಲ ಪರೀಕ್ಷೆ. ಕಣ್ಣು ಮುಚ್ಚಬೇಕು, ಉಗುರು ಎಳೆಯಬೇಕು. "ಹೇಳ್ರಿ ನರ್ಸಮ್ಮ, ಕೆಂಪೋ ನೀಲಿಯೋ?" ಆರು ತಿಂಗಳು ತಪ್ಪು ಹೇಳಿದೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ನನಗೆ ಸರ್ಕಾರಿ ಕೆಲಸ ಸಿಕ್ಕಿ ಬೇರೆ ಜಿಲ್ಲೆಗೆ ಹೋದೆ. ಮೇಸ್ತ್ರಿ ಹೋದ ಸುದ್ದಿ ಡಾಕ್ಟರಮ್ಮನ ಕಾಗದದಲ್ಲಿ ಬಂದಾಗ ತಿಥಿಯೂ ಮುಗಿದಿತ್ತು. ಮುಂದೊಮ್ಮೆ ಶಿಕಾರಿಪುರಕ್ಕೆ ಹೋದವಳು ಅವರ ವರ್ಕ್‌ಶಾಪಿನ ಕಿಟಕಿಯಲ್ಲಿ ಒಂದು ನಟ್ಟು ಇಟ್ಟು ಬಂದೆ. ಯಾವುದನ್ನು ಇಟ್ಟೆ, ಯಾವುದನ್ನು ಉಳಿಸಿಕೊಂಡೆ ಎಂದು ಆಗ ಗೊತ್ತಿತ್ತು...

ಈಗ ಸಕ್ಕರೆ ಕಾಯಿಲೆ ನನ್ನ ಬೆರಳ ತುದಿಗಳ ಸ್ಪರ್ಶ ತಿಂದುಹಾಕಿದೆ. ಮೊನ್ನೆ ಕಣ್ಣು ಮುಚ್ಚಿ, ಬಿಸಿನೀರಿನಲ್ಲಿ ಬೆರಳು ಅದ್ದಿ, ಮತ್ತೆ ಮತ್ತೆ ಉಗುರು ಎಳೆದೆ. ಏನೂ ತಿಳಿಯಲಿಲ್ಲ. ಕೊನೆಗೆ ಗಟ್ಟಿಯಾಗಿಯೇ "ನೀಲಿ" ಎಂದೆ. ತಪ್ಪಾಗಿದ್ದರೆ ತಿದ್ದಲು ಅವರಿಲ್ಲ.