ಕೌದಿಯೊಳಗಿನ ರೊಟ್ಟಿ

ನಮ್ಮ ಕಡೆ ಹಳೆ ಬಟ್ಟೆ ಜೋಡಿಸಿ ಹೊದೆಯಲು ಮಾಡುವ ಕೌದಿಯ ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಕೌದಿ ಹಸಿದಿರಬಾರದಂತೆ. ನಿಪ್ಪಾಣಿಯ ಕಲಾಪ್ರದರ್ಶನಕ್ಕೆಂದು ನಾನು ಹಳೆಯ ಸೀರೆ, ಬೀಡಿ ಎಲೆ, ಬಳೆಚೂರು ಸೇರಿಸಿ ಒಂದು ಕೌದಿಚಿತ್ರ ಮಾಡುತ್ತಿದ್ದೆ. ಬೋರಗಾಂವದ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನ ಬಂದು ಹೊಲಿಗೆಗೆ ಕೂರುತ್ತಿದ್ದರು.

ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯಾಕೆ ತನ್ನ ಮಗಳ ಹಸಿರು ಸೀರೆ ತಂದಳು. ಆ ಹುಡುಗಿ ಗಂಡನ ಮನೆಯವರ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿತು ಎಂದು ಅವರು ಹೇಳಿದರು. ಊರು ನಂಬಿದಂತೆ ಮಾಡಿತು. ಆ ಸೀರೆಯಿಂದಲೇ ನಾನು ಚಿತ್ರದ ನಡುವೆ ಒಂದು ಬಾವಿ ಮಾಡಿದೆ. ಮೂಲೆ ಮುಚ್ಚುವ ದಿನ ಕಾಕು ಚೂರಲ್ಲ, ಇಡೀ ರೊಟ್ಟಿಯನ್ನೇ ಒಳಗಿಟ್ಟಳು.

“ಅಲ್ಲಿ ಅಕಿಗೆ ಹೊಟ್ಟಿತುಂಬ ಹಾಕ್ತಿರಲಿಲ್ಲವ್ವಾ,” ಎಂದಳು.

ಪ್ರದರ್ಶನಕ್ಕೆ ಬಂದವರೆಲ್ಲ ಬಣ್ಣ ಹೊಗಳಿದರು. ಬಾವಿ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಮರುದಿನ ಚಿತ್ರಕ್ಕೆ ಇರುವೆ ಹತ್ತಿದವು. ಸಂಘಟಕರು ಕತ್ತರಿ ಹಿಡಿದು ಬಂದರು.

“ಮೇಡಂ, ಆ ರೊಟ್ಟಿ ತಗದ ಬಿಡ್ರಿ. ಹೊಲಸ ಕಾಣಾಕತ್ತೈತಿ.”

“ಬಾವ್ಯಾಗ ಹೆಣ ತೇಲಿದಾಗ ಯಾರಿಗೂ ಹೊಲಸ ಕಾಣಲಿಲ್ಲೇನ್ರಿ?” ಎಂದವಳೇ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಮನೆಗೆ ಬಂದೆ.

ಸಂಜೆ ಕಾಕು ಬಂದಾಗ ನಾನು ಕಸಬರಿಗೆ ಹಿಡಿದು ಇರುವೆ ಗುಡಿಸುತ್ತಿದ್ದೆ. ಅವಳು ನನ್ನ ಕೈ ಹಿಡಿದಳು.

“ಇರ್ಲಿ ಬಿಡವ್ವಾ, ತಿನ್ನಲಿ. ಹಸದು ಬಂದವರಿಗೆ ನನ್ನ ಮಗಳು ಎಂದೂ ಇಲ್ಲ ಅಂದಾಕಿ ಅಲ್ಲ.”